ಕೊಟ್ಟಿಗೆಗೊಂದು ಕಂಬಳಿ

ಏಪ್ರಿಲ್ ತಿಂಗಳ ಮಟಮಟ ಮಧ್ಯಾಹ್ನ ತಗಡಿನ ಸೂರಿನ ಕೆಳಗೆ ನಿಂತು ನೋಡಿದ್ದೀರಾ? ಇಲ್ಲವಾದರೆ ಕಿಕ್ಕೇರಿಗೆ ಬನ್ನಿ. ಕವಿ ಕೆ.ಎಸ್. ನರಸಿಂಹಸ್ವಾಮಿಯವರು 1915ರಲ್ಲಿ ಹುಟ್ಟಿದ ಊರು ಇದು. ಬಂದವರೆಲ್ಲ ಮಲ್ಲಿಗೆಯ ಮಾತೆತ್ತುತ್ತಾರೆ, ಕೆರೆ ಏರಿಯ ಮೇಲೆ ನಿಂತು ಗಾಳಿ ಕುಡಿಯುತ್ತಾರೆ. ನಾನೂ ಅವರ ಜೊತೆ ನಿಲ್ಲುತ್ತೇನೆ. ಆಮೇಲೆ ಮೆಲ್ಲಗೆ ಮನೆಗೆ ಕರೆತಂದು, ಕಾಫಿ ಕೊಟ್ಟು, ಹಿತ್ತಲ ಕೊಟ್ಟಿಗೆ ತೋರಿಸುತ್ತೇನೆ.

ಕೊಟ್ಟಿಗೆ ಅನ್ನುವುದು ಹೆಸರಿಗೆ ಮಾತ್ರ. ಎತ್ತು ಮಾರಿ ವರ್ಷಗಳಾದವು. ಗೊಂತಿನ ಮೇಲೆ ದಪ್ಪ ಹಲಗೆ ಹಾಸಿ ವೈಸು ಕೂರಿಸಿದ್ದೇನೆ. ನೊಗ ತೂಗುತ್ತಿದ್ದ ಗೂಟಗಳಲ್ಲಿ ಗರಗಸ, ಉಳಿ, ಬಾಚಿ, ಉಜ್ಜುಗೊರಡು ತೂಗುತ್ತವೆ. ಕಾಲು ಮುರಿದ ಮಣೆ, ಬಾಗಿಲು ಜೋತ ಬೀರು, ಕೇರಿಯ ಮಕ್ಕಳ ಮರದ ಬಂಡಿ, ಎಲ್ಲವೂ ಅಲ್ಲಿಗೆ ಬರುತ್ತವೆ. ಮೊದಲು ಮೇಲೆ ನಾಡಹೆಂಚಿತ್ತು. ಕೋತಿಗಳ ಹಿಂಡು ಬಂದು ಹೆಂಚು ಎತ್ತೆತ್ತಿ ಒಗೆದವು. ನಮ್ಮ ಕಡೆ ಎಷ್ಟು ಮನೆಗಳ ಹೆಂಚು ಹೀಗೆ ಹೋಯಿತೋ! ಒಂದು ಮಳೆಗಾಲ ಪೂರ್ತಿ ಬಕೆಟ್ಟು ಇಟ್ಟು ಸೋರಿದ ನೀರು ಹಿಡಿದು, ಕೊನೆಗೆ ತಗಡಿನ ಶೀಟು ಹೊದಿಸಿದೆವು. ಕೋತಿಯ ಕಾಟ ಮುಗಿಯಿತು, ಧಗೆಯ ಕಾಟ ಶುರುವಾಯಿತು.

ಹೆಂಚಿಗೂ ಶೀಟಿಗೂ ಏನು ಅಂಥ ವ್ಯತ್ಯಾಸ ಅಂತೀರಾ? ಹೆಂಚು ಒಂದರ ಮೇಲೊಂದು ಕೂತಿದ್ದರೂ ನಡುವೆ ಉಸಿರಾಡಲು ಸಂದಿರುತ್ತದೆ. ಬಿಸಿಗಾಳಿ ಅಲ್ಲೇ ಮೇಲಕ್ಕೆ ಜಾರಿ ಹೋಗುತ್ತದೆ. ಜೇಡಿಯಾದ್ದರಿಂದ ಕಾವನ್ನು ನಿಧಾನವಾಗಿ ದಾಟಿಸುತ್ತದೆ. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ತೆರೆದು ಅಚ್ಚುಕಟ್ಟಾದ ಕೆಂಪು ಹೆಂಚು ಮಾಡತೊಡಗಿದಾಗಲೂ ಈ ಗುಣ ಕೆಡಲಿಲ್ಲ. ತಗಡು ಹಾಗಲ್ಲ. ಬಿಸಿಲು ಬಿದ್ದ ಗಳಿಗೆಗೇ ಕಾದು, ಮೇಲೆ ಕಾದದ್ದನ್ನು ಹಾಗೇ ಕೆಳಗೆ ಸುರಿಯುತ್ತದೆ. ಬಾಣಲೆಯನ್ನು ಬೋರಲು ಹಾಕಿ ಅದರ ಕೆಳಗೆ ಕೂತ ಹಾಗೆ. ಹಲಗೆಗೆ ಅಂಟು ಬಳಿದು ಜೋಡಿಸುವಷ್ಟರಲ್ಲಿ ಅಂಟು ಒಣಗಿರುತ್ತಿತ್ತು. ಬೆಳಿಗ್ಗೆ ಕೂಡಿಸಿದ ಸಂದು ಸಂಜೆಗೆ ಬಾಯಿ ಬಿಟ್ಟಿರುತ್ತಿತ್ತು. ಉಳಿ ಮುಟ್ಟಿದರೆ ಒಲೆಯಿಂದ ತೆಗೆದ ಸೌಟು ಮುಟ್ಟಿದಂತೆ.

ಹಾಗಾದಾಗ ನಾನು ಬ್ರಹ್ಮೇಶ್ವರನ ಗುಡಿಗೆ ಹೋಗುತ್ತಿದ್ದೆ. ಹೊಯ್ಸಳರ ನರಸಿಂಹನ ಕಾಲದಲ್ಲಿ, 1171ರಲ್ಲಿ, ಬಮ್ಮವ್ವೆ ನಾಯಕಿತಿ ಎಂಬಾಕೆ ಕಟ್ಟಿಸಿದ ಗುಡಿ. ಬೇಲೂರು ಹಳೇಬೀಡಿಗೆ ಓಡುವ ಜನ ಇಲ್ಲಿ ಇಳಿಯುವುದು ಕಡಿಮೆ. ಅವರು ಕಳೆದುಕೊಂಡದ್ದು ದೊಡ್ಡದು ಎಂದು ನನಗೆ ಯಾವಾಗಲೂ ಅನ್ನಿಸುತ್ತದೆ. ಕಂಬಗಳ ಮೇಲಿನ ಶಿಲಾಬಾಲಿಕೆಯರನ್ನು ನೋಡುವುದು ಒಂದು ಸುಖವಾದರೆ, ನವರಂಗದ ನೆಲಕ್ಕೆ ಅಂಗಾಲು ಊರಿ ನಿಲ್ಲುವುದು ಇನ್ನೊಂದು ಸುಖ. ಹೊರಗೆ ರಸ್ತೆಯ ಡಾಂಬರು ಮೆತ್ತಗಾಗಿರುವಾಗ ಒಳಗೆ ಬಾವಿಕಟ್ಟೆಯ ತಂಪು. ಬಳಪದ ಕಲ್ಲಿನ ಗುಣ ಅದು: ಕಾವನ್ನು ಹೊಟ್ಟೆತುಂಬ ನುಂಗಿಕೊಂಡು ಬಹಳ ಹೊತ್ತು ಇಟ್ಟುಕೊಳ್ಳುತ್ತದೆ. ದೂರದ ಫಿನ್‌ಲ್ಯಾಂಡಿನ ಹಿಮದ ನಾಡಿನಲ್ಲಿ ಇದೇ ಜಾತಿಯ ಕಲ್ಲಿನಿಂದ ಮನೆಯೊಳಗಿನ ಒಲೆ ಕಟ್ಟುತ್ತಾರೆ. ಸಂಜೆ ಉರಿ ಹಾಕಿದರೆ ರಾತ್ರಿಯೆಲ್ಲ ಬೆಚ್ಚಗಿರುತ್ತದೆ. ಅಲ್ಲಿ ಬೆಚ್ಚಗಿಡುವುದು, ಇಲ್ಲಿ ತಣ್ಣಗಿಡುವುದು ಒಂದೇ ಕಲ್ಲು! ಆದರೆ ಕೊಟ್ಟಿಗೆಯ ಸಪೂರ ಗಳುಗಳು ಹೊಯ್ಸಳರ ಭಾರ ಹೊರುತ್ತವೆಯೇ?

ಗುಡಿಯ ಜಗಲಿಯಲ್ಲಿ ಸಿಕ್ಕವರು ದೊಡ್ಡಪ್ಪ. ನನ್ನ ಸಂಕಟ ಕೇಳಿ, “ಅಲ್ಲಪ್ಪ, ಮಾವಿನಕಾಯಿ ಅಡೆ ಹಾಕೋದು ಯಾತ್ರಲ್ಲಿ?” ಅಂದರು.

“ಹುಲ್ಲಲ್ಲಿ, ದೊಡ್ಡಪ್ಪ.”

“ಯಾಕೆ?”

“ಕಾವು ಆಚೆಗೆ ಹೋಗ್ದೆ ಇರಲಿ ಅಂತ.”

“ಗುಡಿಸಲಿಗೆ ಹೊದ್ಸೋದೂ ಅದೇ ಹುಲ್ಲು ಕಣಪ್ಪ. ಕಾವು ಒಳಿಕೆ ಬರ್ದೆ ಇರಲಿ ಅಂತ. ಹುಲ್ಲಿಗೇನು ಗೊತ್ತು ಒಳಗ್ಯಾವ್ದು ಹೊರಗ್ಯಾವ್ದು? ಅದು ತಡೀತದೆ ಅಷ್ಟೇಯ.”

ಇದಕ್ಕಿಂತ ಚೆನ್ನಾಗಿ ಯಾವ ಮೇಷ್ಟ್ರೂ ನನಗೆ ಶಾಖದ ಪಾಠ ಹೇಳಿಕೊಟ್ಟಿಲ್ಲ. ಕುರಿ ಕಾಯುವವರು ಮಾಗಿಯ ಚಳಿಗೂ ವೈಶಾಖದ ಬಿಸಿಲಿಗೂ ಅದೇ ಕರಿಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡು ಹೋಗುವುದನ್ನು ಚಿಕ್ಕಂದಿನಿಂದ ನೋಡಿದ್ದೆ; ಕಾರಣ ಕೇಳಿಕೊಂಡಿರಲಿಲ್ಲ. ಉಣ್ಣೆಯಲ್ಲಿ, ಹುಲ್ಲಿನಲ್ಲಿ, ಅಂಗಡಿಯ ಥರ್ಮೋಕೋಲಿನಲ್ಲಿ ಕೆಲಸ ಮಾಡುವುದು ಒಂದೇ ಆಸಾಮಿ: ಅಲ್ಲಾಡದೆ ನಿಂತ ಗಾಳಿ. ಸಣ್ಣ ಸಣ್ಣ ಸಂದಿಗಳಲ್ಲಿ ಗಾಳಿಯನ್ನು ಕೂಡಿಹಾಕಿದರೆ ಕಾವಿಗೆ ದಾಟಲು ಸೇತುವೆ ಸಿಗುವುದಿಲ್ಲ. ಕಬ್ಬಿಣವೋ, ಥರ್ಮೋಕೋಲಿಗಿಂತ ಸಾವಿರ ಪಟ್ಟಿಗೂ ಹೆಚ್ಚು ಸಲೀಸಾಗಿ ಕಾವನ್ನು ಸಾಗಿಸುತ್ತದೆ.

ಸಂದಿಯ ಗಾಳಿ ಅಂದೆನಲ್ಲ, ಮರದ ಹೊಟ್ಟಿನ ಕಥೆ ನೆನಪಾಯಿತು. 1833ರಲ್ಲಿ ಅಮೆರಿಕದ ಬೋಸ್ಟನ್ನಿನಿಂದ ಕಲ್ಕತ್ತೆಗೆ ಹಡಗಿನಲ್ಲಿ ಮಂಜುಗಡ್ಡೆ ಬಂತು. ಫ್ರೆಡೆರಿಕ್ ಟ್ಯೂಡರ್ ಎಂಬ ವರ್ತಕನ ಸಾಹಸ. ಚಳಿಗಾಲದಲ್ಲಿ ಹೆಪ್ಪುಗಟ್ಟಿದ ಕೆರೆಗಳಿಂದ ಕೊಯ್ದ ಗಡ್ಡೆ. ಮೇ ತಿಂಗಳಲ್ಲಿ ಹೊರಟದ್ದು ಸೆಪ್ಟೆಂಬರಿನಲ್ಲಿ ತಲುಪಿತು. ಸುಮಾರು 180 ಟನ್ ಹೇರಿದ್ದರಲ್ಲಿ 100 ಟನ್ನಿನಷ್ಟು ಕರಗದೆ ಉಳಿದಿತ್ತು. ನಾಲ್ಕು ತಿಂಗಳು, ಕಡಲಿನ ಬಿಸಿಲು! ಟ್ಯೂಡರನ ಮಂಜುಗಡ್ಡೆಯನ್ನು ದೇಶದೇಶಕ್ಕೆ ಕಾಪಾಡಿದ್ದು ಮರದ ಹೊಟ್ಟು. ನನ್ನ ಕಾಲಡಿಯಲ್ಲಿ ದಿನಾ ಬೀಳುವ ಅದೇ ಹೊಟ್ಟು. ಗೋಣಿಚೀಲದಲ್ಲಿ ತುಂಬಿ ಮೇಲೆ ಒಟ್ಟಿಬಿಡೋಣ ಅನ್ನಿಸಿತು. ಆದರೆ ನಮ್ಮ ಮಣ್ಣಿನ ಗೆದ್ದಲಿಗೆ ಅದಕ್ಕಿಂತ ದೊಡ್ಡ ಹಬ್ಬದೂಟ ಇಲ್ಲ. ಒಂದು ಕಿಡಿ ಬಿದ್ದರಂತೂ ಕೇಳುವುದೇ ಬೇಡ.

ಧಗೆ ತಡೆಯುವ ವಿದ್ಯೆಯನ್ನು ಹೊಟ್ಟೆಪಾಡಿಗೆ ಕಲಿತವರು ನಮ್ಮಲ್ಲಿದ್ದಾರೆ: ರೇಷ್ಮೆ ಬೆಳೆಯುವವರು. ಹುಳುಮನೆಗೆ ಇಪ್ಪತ್ತೈದು ಡಿಗ್ರಿಯ ಆಸುಪಾಸು ಬೇಕು. ನಾಲ್ಕನೇ ಜ್ವರ ಎದ್ದ, ಅಂದರೆ ನಾಲ್ಕನೇ ಸಲ ಪೊರೆ ಕಳಚಿದ, ಹುಳು ಸೊಪ್ಪನ್ನು ಮಳೆ ಸುರಿದಂತೆ ಸದ್ದು ಮಾಡಿ ತಿನ್ನುವ ದಿನಗಳಲ್ಲಿ ಸೆಕೆ ಏರಿದರೆ ಹುಳು ಸೊರಗುತ್ತವೆ, ತಿಂಗಳ ದುಡಿಮೆ ಮಣ್ಣಾಗುತ್ತದೆ. ಪಕ್ಕದ ಹಳ್ಳಿಯ ನಮ್ಮ ಸೋದರಮಾವ ಹುಳುಮನೆಯ ಮೇಲೆ ತೆಂಗಿನಗರಿ ಹೊದಿಸಿ, ಕಿಟಕಿಗೆ ಗೋಣಿತಾಟು ಕಟ್ಟಿ ಗಂಟೆಗೊಮ್ಮೆ ನೀರು ಚಿಮುಕಿಸುತ್ತಾರೆ. ಒಳಗೆ ಕಾಲಿಟ್ಟರೆ ಹೊರಗೆ ಬರಲು ಮನಸ್ಸಾಗದು. ಒದ್ದೆ ತಾಟು ನನಗೆ ಆಗಿಬರುವುದಿಲ್ಲ. ಹಲಗೆ ಉಬ್ಬುತ್ತದೆ, ಉಳಿಗೆ ತುಕ್ಕು ಹತ್ತುತ್ತದೆ. ಗರಿಯ ಉಪಾಯವನ್ನು ಮಾತ್ರ ಅವರಿಂದ ಎತ್ತಿಕೊಂಡೆ. ಬಿಸಿಲು ಒಳಗೆ ಬಂದ ಮೇಲೆ ಓಡಿಸುವುದಕ್ಕಿಂತ ಹೊರಗೇ ನಿಲ್ಲಿಸುವುದು ಮೇಲು. ಶ್ರೀರಂಗಪಟ್ಟಣದ ದರಿಯಾ ದೌಲತ್ ನೋಡಿದ್ದೀರಲ್ಲ? 1784ರ ತೇಗದ ಅರಮನೆ. ಅದರ ಜಗಲಿಯ ಸುತ್ತ ಹಸಿರು ಪರದೆ ಇಳಿಬಿಟ್ಟಿದ್ದಾರೆ, ಗೋಡೆಯ ಚಿತ್ರಗಳಿಗೆ ಬಿಸಿಲು ತಾಕದಿರಲಿ ಅಂತ. ಅದೇ ಲೆಕ್ಕ.

ಕೆ.ಆರ್. ಪೇಟೆಗೆ ಹೋಗಿ ಅಂಗಡಿಗಳಲ್ಲೂ ವಿಚಾರಿಸಿದೆ. ಬೆಳ್ಳಿಬಣ್ಣದ ಬಬಲ್ ಶೀಟು, ಥರ್ಮೋಕೋಲು, ಎರಡು ತಗಡಿನ ನಡುವೆ ನೊರೆ ತುಂಬಿದ ಪಫ್ ಶೀಟು, ಎಲ್ಲವೂ ಇದ್ದವು. ಪಫ್ ಶೀಟು ಒಳ್ಳೆಯದೇ, ನನ್ನ ಜೇಬಿಗೆ ದೂರ. ಥರ್ಮೋಕೋಲು ಅಗ್ಗ, ಆದರೆ ವೆಲ್ಡಿಂಗ್ ಕಿಡಿ ಹಾರುವ ಕಡೆ ಅದನ್ನು ತಲೆಯ ಮೇಲೆ ಬಿಚ್ಚಿಡಬಾರದು, ಹತ್ತಿಕೊಂಡರೆ ಕರಿಹೊಗೆ ಕಕ್ಕುತ್ತದೆ. ಹಾಗೆಯೇ ನಿಮ್ಮ ಮನೆಯಲ್ಲಿ ಹಳೆಯ ಕಲ್ನಾರು ಶೀಟು ಇದ್ದರೆ ದಯವಿಟ್ಟು ಅದಕ್ಕೆ ಡ್ರಿಲ್ ಹಾಕಬೇಡಿ, ಕೊಯ್ಯಬೇಡಿ. ಆ ನಾರಿನ ಧೂಳು ಶ್ವಾಸಕೋಶಕ್ಕೆ ಇಳಿದರೆ ವರ್ಷಗಟ್ಟಲೆ ಕಾದು ಕೂತು ಜೀವ ತೆಗೆಯುತ್ತದೆ.

ಕೊನೆಗೆ ಮಾಡಿದ್ದೇನು? ಶೀಟಿನ ಮೇಲೆ ಬಿಳಿ ಬಣ್ಣ. ಸುಣ್ಣ ಹೊಡೆದಿದ್ದರೆ ತಗಡಿನ ಮೇಲೆ ನಿಲ್ಲುತ್ತಿರಲಿಲ್ಲ. ತಾರಸಿಗಾದರೆ ಸುಣ್ಣವೇ ಸಾಕು. ಬಣ್ಣದ ಮೇಲೆ ಬಿದಿರುಗಳು ಅಡ್ಡಡ್ಡ, ಬಿದಿರಿನ ಮೇಲೆ ಹೆಣೆದ ತೆಂಗಿನಗರಿ, ಗಾಳಿಗೆ ಹಾರದಂತೆ ಹಗ್ಗ. ಒಳಗೆ ಶೀಟಿನಿಂದ ನಾಲ್ಕು ಬೆರಳು ಬಿಟ್ಟು ಬಬಲ್ ಶೀಟು. ಆ ನಾಲ್ಕು ಬೆರಳೇ ಮುಖ್ಯ. ಹೊಳೆಯುವ ಮೈ ತಗಡಿಗೆ ತಾಗಿಕೊಂಡರೆ ಅದರ ಗುಣವೆಲ್ಲ ವ್ಯರ್ಥ, ಎದುರಿಗೆ ಗಾಳಿ ಇದ್ದರಷ್ಟೇ ಅದು ಕಾವನ್ನು ಹಿಂದಕ್ಕೆ ಅಟ್ಟುತ್ತದೆ. ಬಬಲ್ ಶೀಟಿನ ಕೆಳಗೆ ನೋಟಕ್ಕೆ ಹಿತವಾಗಲೆಂದು ಬಿದಿರಿನ ತಡಿಕೆ. ನೆತ್ತಿಯ ಹತ್ತಿರ ಬಿಸಿಗಾಳಿ ಹೋಗಲು ಎರಡು ಕಿಂಡಿ. ಪಡುವಣ ಗೋಡೆಗೆ ಅವ್ವನ ಸೌದೆ ಒಟ್ಟಿದೆ. ಸಂಜೆಯ ಬಿಸಿಲನ್ನು ಈಗ ಸೌದೆಯೇ ಕುಡಿದು ಒಣಗುತ್ತದೆ.

ಅವ್ವನಿಗೆ ಈ ಕೆಲಸವೆಲ್ಲ ಒಗಟಾಗಿತ್ತು. “ಎತ್ತು ಇದ್ದಾಗ ಮಾಡ್ದೆ ಇದ್ದದ್ದ ಈಗ ಮಾಡ್ತೀಯಲ್ಲ ಮಗ,” ಅಂದಿದ್ದಳು. ಆ ಮಾತು ನನ್ನನ್ನು ಬಹಳ ದಿನ ಕಾಡಿತು. ಆದರೂ ಮಧ್ಯಾಹ್ನ ಊಟವಾದ ಮೇಲೆ ಚಾಪೆ ತಂದು ಅಲ್ಲೇ ಮಲಗತೊಡಗಿದಳು. ನಾನು ಸದ್ದಾಗದಂತೆ ಉಪ್ಪುಕಾಗದ ಉಜ್ಜುತ್ತಿದ್ದೆ.

ಹೋದ ಸಲ ಭರಣಿ ಮಳೆ ಒಳ್ಳೆಯ ಹೊತ್ತಿಗೆ ಬಂತು. ತಗಡಿನ ಮೇಲೆ ಮಳೆ ಬಿದ್ದರೆ ಮೊದಲೆಲ್ಲ ಎದುರಿಗಿದ್ದವರ ಮಾತು ಕೇಳುತ್ತಿರಲಿಲ್ಲ, ಮಲಗಿದ್ದ ಮಗು ಬೆಚ್ಚಿ ಅಳುತ್ತಿತ್ತು. ಅವತ್ತು ಗರಿಯ ಮೇಲೆ ಎಲ್ಲೋ ದೂರದಲ್ಲಿ ಯಾರೋ ರಾಗಿ ಕೇರುತ್ತಿರುವಂಥ ಸದ್ದು. ಅವ್ವ ಎದ್ದು ಕೂತು, “ಮಳೆ ಬತ್ತಾ ಅದಾ ಮಗ?” ಅಂದಳು. ನಾನು ಹೌದೆನ್ನುವ ಮೊದಲೇ ಸೆರಗು ತಲೆಗೆ ಎಳೆದುಕೊಂಡು ಬಾಗಿಲಿಗೆ ಹೋಗಿ, ಅಂಗೈ ಹೊರಗೆ ಚಾಚಿ ನಿಂತಳು.