ಹೆಸರಿಲ್ಲದ ಸೀಸೆ

ಗೌರಿಬಿದನೂರು ತಾಲ್ಲೂಕಿನ ನಗರಗೆರೆಯ ಕಡೆ ಬೇಸಾಯಗಾರನ ಮನೆಯ ಅಟ್ಟವನ್ನು ತಡಕಿದರೆ ಚೀಟಿ ಕಿತ್ತುಹೋದ ಒಂದಾದರೂ ಸೀಸೆ ಕೈಗೆ ಸಿಕ್ಕೀತು. ಅದೇನೆಂದು ಕೇಳಿದರೆ ‘ಹೊಲದ ಔಷಧಿ’ ಎಂಬ ಉತ್ತರ ಬರುತ್ತದೆ. ಹುಳು ಕೊಲ್ಲುವ ವಿಷಕ್ಕೆ ಔಷಧಿಯೆಂಬ ಹೆಸರು ಹೇಗೆ ಅಂಟಿತೋ! ಮನೆಯವರಿಗೆ ಅಷ್ಟು ಸಾಕು. ಆ ದ್ರವ ಅಡುಗೆಗೆ ಇಳಿದ ದಿನ ಮಾತ್ರ ಅಷ್ಟು ಸಾಲದು.

2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯಲ್ಲಿ ಕಿಚ್ಚುಗುತ್ತಿ ಮಾರಮ್ಮನ ಪ್ರಸಾದ ತಿಂದ ನೂರಕ್ಕೂ ಮಿಕ್ಕ ಜನ ಆಸ್ಪತ್ರೆ ಸೇರಿದರು. 17 ಮಂದಿ ಉಳಿಯಲಿಲ್ಲ. ಮರುತಿಂಗಳೇ ಚಿಂತಾಮಣಿಯಲ್ಲಿ ಗಂಗಮ್ಮನ ಗುಡಿಯ ಪ್ರಸಾದ ತಿಂದು ಇಬ್ಬರು ಹೆಂಗಸರು ತೀರಿಕೊಂಡರು. ಕಣ್ಣಿಗೊತ್ತಿಕೊಳ್ಳಬೇಕಾದುದನ್ನು ಮೂಸಿ ನೋಡುವ ಕಾಲ ಬಂದಿತು.

ಇಂಥ ಹೊತ್ತಿನಲ್ಲಿ ವೈದ್ಯರು ಪ್ರಯೋಗಾಲಯದ ವರದಿಗೆ ಕಾದು ಕುಳಿತುಕೊಳ್ಳುವಂತಿಲ್ಲ. ರೋಗಿಯ ಮೈಯೇ ಅವರ ಮೊದಲನೆಯ ಪರೀಕ್ಷಾನಳಿಕೆ. ಕಣ್ಣಿನ ಪಾಪೆ ಸೂಜಿಮೊನೆಯಷ್ಟು ಕುಗ್ಗಿ, ಜೊಲ್ಲೂ ಬೆವರೂ ಸುರಿಯುತ್ತಿದ್ದರೆ ರಂಜಕಯುಕ್ತ ಕೀಟನಾಶಕವೆಂದು ಊಹಿಸಿ ಆಟ್ರೊಪಿನ್ ಚುಚ್ಚುತ್ತಾರೆ. ವಿಚಿತ್ರವೆಂದರೆ, ಬೇಲಿಯ ಉಮ್ಮತ್ತಿಯಲ್ಲಿಯೂ ಇದೇ ಆಟ್ರೊಪಿನ್ ಉಂಟು. ಉಮ್ಮತ್ತಿ ತಿಂದವನ ಪಾಪೆ ಅಗಲವಾಗಿ ಅರಳುತ್ತದೆ, ಬಾಯಿ ಒಣಗುತ್ತದೆ. ಒಂದು ವಿಷಕ್ಕೆ ಮದ್ದಾದದ್ದು ತಾನೇ ಇನ್ನೊಂದು ವಿಷ!

ವೈದ್ಯನಿಗೆ ಸಲ್ಲುವ ಊಹೆ ನ್ಯಾಯಾಲಯಕ್ಕೆ ಸಲ್ಲದು. ಅಲ್ಲಿಂದ ಮುಂದೆ ರಸಾಯನಜ್ಞನ ನಿಧಾನದ ಕೆಲಸ. ಅನ್ನ, ಎಣ್ಣೆ, ಮಸಾಲೆಗಳ ನಡುವೆ ಅಡಗಿದ ಹನಿಯನ್ನು ಆತ ಮೊದಲು ದ್ರಾವಕದಲ್ಲಿ ಸೆಳೆಯಬೇಕು. ಸಿಲಿಕಾ ಬಳಿದ ಗಾಜಿನ ಫಲಕದ ಬುಡದಲ್ಲಿ ಅದರದೊಂದು ಚುಕ್ಕೆ, ಪಕ್ಕದಲ್ಲಿ ಗೊತ್ತಿರುವ ಕೀಟನಾಶಕದ್ದೊಂದು ಚುಕ್ಕೆ. ಮತ್ತೊಂದು ದ್ರಾವಕ ಫಲಕದ ಮೇಲೆ ಏರುತ್ತ ಎರಡನ್ನೂ ಒಂದೇ ಎತ್ತರಕ್ಕೆ ಒಯ್ದರೆ ಸಂಶಯ ಬಲವಾಯಿತು, ಅಷ್ಟೇ. ಬೇರೆ ವಸ್ತುವೂ ಆ ಎತ್ತರಕ್ಕೆ ಏರಬಾರದೆಂದೇನೂ ಇಲ್ಲವಲ್ಲ! ಆದುದರಿಂದ ಅಣುವನ್ನು ಒಡೆದು ಚೂರುಗಳನ್ನು ತೂಗುವ ಮಾಸ್ ಸ್ಪೆಕ್ಟ್ರೋಮೀಟರಿನ ಸಾಕ್ಷ್ಯವೂ ಬೇಕು.

ಈ ಶಾಸ್ತ್ರದ ಸಂಶಯಬುದ್ಧಿಗೆ ಕೊನೆಯಿಲ್ಲ. ಶವಪರೀಕ್ಷೆಯಲ್ಲಿ ತೆಗೆದ ಅಂಗಗಳನ್ನು ಗಾಢವಾದ ಉಪ್ಪುನೀರಿನಲ್ಲಿಟ್ಟು ಕಳುಹುವಾಗ, ಆ ಉಪ್ಪುನೀರನ್ನೂ ಸ್ವಲ್ಪ ಬೇರೆಯಾಗಿ ಕಳುಹಬೇಕು. ವಿಷ ಉಪ್ಪಿನಲ್ಲಿಯೇ ಇದ್ದಿರಬಾರದೇಕೆಂದು ವಕೀಲರು ಕೇಳದೆ ಬಿಟ್ಟಾರೆಯೆ?

ಸುಳ್ವಾಡಿಯ ಪ್ರಸಾದದಲ್ಲಿ ಸಿಕ್ಕ ಹೆಸರು ಮಾನೊಕ್ರೊಟೊಫಾಸ್. 2013ರ ಜುಲೈಯಲ್ಲಿ ಬಿಹಾರದ ಶಾಲೆಯೊಂದರಲ್ಲಿ ಮಧ್ಯಾಹ್ನದ ಊಟ ಮಾಡಿದ 23 ಮಕ್ಕಳು ಸತ್ತಾಗ, ಅಡುಗೆಯ ಎಣ್ಣೆಯಲ್ಲಿ ಸಿಕ್ಕದ್ದೂ ಇದೇ ಹೆಸರು. ಸುಳ್ವಾಡಿಯಲ್ಲಿ ಅದನ್ನು ಬೇಕೆಂದೇ ಬೆರೆಸಿದರೆಂಬುದು ಪೊಲೀಸರ ಆರೋಪ. ಆದರೆ ಕೈತಪ್ಪಿ ಬಿದ್ದ ವಿಷವೂ ಬೇಕೆಂದು ಸುರಿದ ವಿಷವೂ ಯಂತ್ರದಲ್ಲಿ ಒಂದೇ ಬಗೆಯಾಗಿ ಒಡೆಯುತ್ತವೆ. ಪಾತ್ರೆಯಲ್ಲಿದ್ದುದನ್ನು ಬರೆದು ರಸಾಯನಜ್ಞ ಸಹಿ ಹಾಕುತ್ತಾನೆ. ಬೆರೆಸಿದ ಕೈಯನ್ನು ಹುಡುಕಲು ಬೇರೆಯವರು ಹೊರಡಬೇಕು.