ತುಳಿದಲ್ಲೇ ಚಿಗುರುವ ನಾಚಿಕೆ

ಸೊರಬದ ಕಡೆ ಮಳೆಗಾಲದಲ್ಲಿ ಕರು ತಪ್ಪಿಸಿಕೊಂಡರೆ ಹುಡುಕಲು ಗೊರಸಿನ ಗುರುತೇ ಬೇಕೆಂದಿಲ್ಲ. ದನ ಮೇಯುವ ಹುಲ್ಲುಬಯಲಾದ ಬ್ಯಾಣದ ತುಂಬ ಹಬ್ಬಿದ ನಾಚಿಕೆ ಮುಳ್ಳಿನ ನಡುವೆ ಎಲೆ ಮುಚ್ಚಿಕೊಂಡ ಸಾಲೊಂದು ಬೈತಲೆಯ ಹಾಗೆ ಕಂಡರೆ ಸಾಕು, ಈಗಷ್ಟೇ ಅಲ್ಲಿ ಯಾರೋ ಹಾದುಹೋಗಿದ್ದಾರೆ. ಒಂದಿಷ್ಟು ಹೊತ್ತು ತಡವಾಯಿತೋ, ಎಲೆ ಬಿಚ್ಚಿಕೊಂಡು ಸಾಕ್ಷಿಯೇ ಅಳಿಸಿಹೋಗುತ್ತದೆ. ದಪ್ಪ ಹನಿ ಬಿದ್ದರೂ ಮುಚ್ಚಿಕೊಳ್ಳುವ ಗಿಡವಾದ್ದರಿಂದ ಈ ಸಾಕ್ಷಿಯನ್ನು ಪೂರ್ತಿ ನಂಬುವ ಹಾಗೂ ಇಲ್ಲ.

ಶಾಲೆ ಬಿಟ್ಟ ಮಕ್ಕಳಿಗೆ ಇದು ದಾರಿಯುದ್ದದ ಪುಕ್ಕಟೆ ಆಟ. ತೋಟದಲ್ಲಿ ಕಳೆ ಕೊಚ್ಚುವವರ ಮಾತೇ ಬೇರೆ. ಎಲೆ ಹಿಂದೆ ಸರಿದ ಕೂಡಲೇ ಕಾಂಡದ ಮುಳ್ಳು ಬಯಲಾಗುತ್ತದೆ. “ಎಂಥ ನಾಚಿಕೆಯೋ ಮಾರಾಯ್ರೆ, ಕಾಲಿಗೆ ಹೊಕ್ಕಿದ ಮೇಲೆ ಗೊತ್ತಾಗ್ತದೆ” ಎಂದಿದ್ದರು ಅಡಿಕೆ ತೋಟದ ಕೆಲಸಕ್ಕೆ ಬರುವ ಅಕ್ಕ ಒಬ್ಬರು.

ಅವರ ಅನುಮಾನ ಸರಿಯೇ. ಎಲೆಯ ಬುಡದ ಉಬ್ಬಿನಲ್ಲಿ ನೀರು ತುಂಬಿದ ಕೋಶಗಳಿವೆ. ಮುಟ್ಟಿದ ಸುದ್ದಿ ತಲುಪುತ್ತಲೇ ಅವುಗಳೊಳಗಿನ ಪೊಟ್ಯಾಸಿಯಂ ಹೊರಬೀಳುತ್ತದೆ, ಅದರ ಹಿಂದೆಯೇ ನೀರೂ ಹೊರಡುತ್ತದೆ, ಬಿಗಿ ತಪ್ಪಿದ ಎಲೆ ಮಡಚುತ್ತದೆ. ಜಗದೀಶಚಂದ್ರ ಬೋಸರು ತಾವೇ ಕಟ್ಟಿದ ಉಪಕರಣಗಳನ್ನಿಟ್ಟುಕೊಂಡು ಈ ಗಿಡದ ವಿದ್ಯುತ್ ಮಿಡಿತಗಳ ಬೆನ್ನು ಹತ್ತಿದ್ದರು. ಜಪಾನಿನ ಸಂಶೋಧಕರು 2022ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಎಲೆ ಮಡಚಲಾರದಂತೆ ಮಾಡಿದ ಗಿಡಗಳನ್ನು ಮಿಡತೆಗಳು ಹೆಚ್ಚು ಮೇಯ್ದವು. ಲಜ್ಜೆ ಗಿಜ್ಜೆ ಎಲ್ಲ ನಮ್ಮ ಕಲ್ಪನೆ, ಗಿಡಕ್ಕೆ ಹೊಟ್ಟೆಪಾಡು.

ಇನ್ನೊಂದು ವಿಷಯ ನನಗೆ ಇದಕ್ಕಿಂತ ವಿಚಿತ್ರವಾಗಿ ತೋರುತ್ತದೆ. ಮುಟ್ಟಿದರೆ ಮುನಿಯುವ ಈ ಗಿಡ ಯಾರೂ ಮುಟ್ಟದ ಕಡೆ ಬೆಳೆಯುವುದೇ ಇಲ್ಲ. ಸೊರಬ ಕಾನುಗಳ ಸೀಮೆ. 1868ರಲ್ಲಿ ಬ್ರಿಟಿಷರ ಕಾಲದ ಅಧಿಕಾರಿಗಳಾದ ಬ್ರಾಂಡಿಸ್ ಮತ್ತು ಗ್ರಾಂಟ್ ಈ ತಾಲ್ಲೂಕಿನ ಕಾನುಗಳ ಮೇಲೆ ವರದಿ ಬರೆದಾಗ ಲೆಕ್ಕಕ್ಕೆ ಸಿಕ್ಕವು 171, ಒಟ್ಟು 32 ಸಾವಿರ ಎಕರೆಗೂ ಮಿಕ್ಕಿ. ದೇವರ ಹೆಸರಿನಲ್ಲಿ ಕೊಡಲಿ ತಾಗದೆ ಉಳಿದ, ಮೆಣಸಿನ ಬಳ್ಳಿ ಹಬ್ಬಿದ ಕಾಡುಗಳು. ಅಳಿದುಳಿದ ಕಾನೊಂದರ ಒಳಗೆ ಹೋಗಿ ನೋಡಿ: ನೆರಳು, ತರಗೆಲೆ, ಉಂಬಳ ಎಲ್ಲ ಸಿಗುತ್ತವೆ, ನಾಚಿಕೆ ಮುಳ್ಳು ಸಿಗುವುದಿಲ್ಲ. ಅದಕ್ಕೆ ಬಿಸಿಲು ಬೇಕು. ದನ ಮೇಯ್ದ ಬ್ಯಾಣ, ಗದ್ದೆಯ ಬದು, ರಸ್ತೆಯ ಅಂಚು, ಶಾಲೆಯ ಆಟದ ಬಯಲು ಬೇಕು. ಕಾಯಿಯ ಅಂಚಿನ ಒರಟು ರೋಮ ದನದ ಮೈಗೆ, ನಮ್ಮ ಪಂಚೆಗೆ ಅಂಟಿಕೊಂಡು ಮುಂದಿನೂರಿಗೂ ಹೋಗುತ್ತದೆ. ಹೂಡದ ಬಡ ನೆಲವಾದರೂ ಚಿಂತೆಯಿಲ್ಲ. ದ್ವಿದಳದ ಜಾತಿ, ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕವನ್ನು ಹಿಡಿಸಿಕೊಳ್ಳುತ್ತದೆ.

ಅಮೆರಿಕದ ಉಷ್ಣವಲಯ ಇದರ ತವರು. ಮೆಣಸಿನಕಾಯಿಯದೂ ಅದೇ ತವರು, ಆದರೆ ಅದನ್ನು ನಾವೇ ಕರೆದು ಅಡುಗೆಮನೆಗೆ ಸೇರಿಸಿಕೊಂಡೆವು. ಇದನ್ನು ಯಾರೂ ಕರೆಯಲಿಲ್ಲ. ಆದರೂ ಹಳ್ಳಿಮದ್ದಿನ ಗಂಟಿನಲ್ಲಿ ಮೂಲವ್ಯಾಧಿಗೆಂದು ಜಾಗ ಹಿಡಿದಿದೆ, ನೇರಳೆಗೆಂಪು ಹೂಗುಂಡು ಬಿಟ್ಟು ಹುಡುಗಿಯರ ಕಣ್ಣನ್ನೂ ಸೆಳೆಯುತ್ತದೆ.

ಈಗ ಸೊರಬ, ಶಿಕಾರಿಪುರದ ಕಡೆ ಶುಂಠಿಯ ಆಸೆ ಜೋರು. ಮರ ಬೋಳಿಸಿ ಮಡಿ ಏರಿಸುತ್ತಾರೆ. ಶುಂಠಿ ಕಿತ್ತ ಮೇಲೆ ಆ ನೆಲವನ್ನು ಪಾಳು ಬಿಟ್ಟರೆ, ಕಾನಿನ ಸಸಿಗಳಿಗಿಂತ ಮೊದಲು ಬಂದು ಕೂರುವುದು ನಾಚಿಕೆ ಮುಳ್ಳೇ.