ಬಂಗಾರಪೇಟೆಯ ಡಾಕ್ಟರಮ್ಮನ ಮೊದಲ ವರ್ಷ

ಕೆ.ಜಿ.ಎಫ್. ಅಂದ ಕೂಡಲೆ ಈಗಿನ ಮಕ್ಕಳಿಗೆ ಸಿನಿಮಾ ನೆನಪಾಗುತ್ತದೆ. ನಮ್ಮ ನಿಮ್ಮ ವಯಸ್ಸಿನವರಿಗೆ ನೆನಪಾಗುವುದು ಸಮಾಜ ಪಾಠ. ಚಿನ್ನ ಎಲ್ಲಿ ಸಿಗುತ್ತದೆ ಅಂತ ಮೇಷ್ಟ್ರು ಕೇಳಿದರೆ ಇಡೀ ತರಗತಿ ‘ಕೋಲಾರ’ ಅಂತ ಕೂಗುತ್ತಿತ್ತಲ್ಲ! ಆ ಪಾಠ ಹಳೆಯದಾಗಿ ಹೋಯಿತು. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು. ಚಿನ್ನ ತೆಗೆಯುವುದು ಈಗ ರಾಯಚೂರಿನ ಕಡೆ ಹಟ್ಟಿಯಲ್ಲಿ. ಹಾಗಾದರೆ ಅಲ್ಲಿಗೆ ಹೋಗಿ ನೋಡುವುದಾದರೂ ಏನು ಅಂತೀರಾ? ನಾನು ಹೋದದ್ದು ಅಕ್ಕನ ಮಗಳನ್ನು ನೋಡಲು. ಊರೂ ನೋಡಿದ ಹಾಗಾಯಿತು, ಅವಳು ಕಲಿಯುತ್ತಿರುವ ವಿದ್ಯೆ ಎಂಥದ್ದು ಅಂತಲೂ ತಿಳಿಯಿತು. ಎರಡನ್ನೂ ನಿಮಗೆ ಹೇಳಬೇಕು ಅನ್ನಿಸಿದೆ.

ತಿಪಟೂರಿನಿಂದ ಬೆಂಗಳೂರಿಗೆ ಬಂದು, ಅಲ್ಲಿ ರೈಲು ಬದಲಾಯಿಸಿ ಬಂಗಾರಪೇಟೆಗೆ ಹೊರಟೆ. ಬೆಂಗಳೂರಿನಿಂದ 70 ಕಿಲೋಮೀಟರು. ಮಾಲೂರು ದಾಟಿದರೆ ಟೇಕಲ್ಲಿನ ಕಲ್ಲುಬಂಡೆಗಳು, ಆಮೇಲೆ ಬಂಗಾರಪೇಟೆ. ಹೆಸರಿನಲ್ಲಿ ಬಂಗಾರವಿದೆ ಅಂತ ಇಲ್ಲೇ ಚಿನ್ನ ಸಿಗುತ್ತಿತ್ತು ಅಂದುಕೊಳ್ಳಬೇಡಿ. ಮೈಸೂರಿನ ಕಮಿಷನರಾಗಿದ್ದ ಬೌರಿಂಗ್ ಸಾಹೇಬರ ಹೆಸರಿನಲ್ಲಿ ಇದು ಬೌರಿಂಗ್‌ಪೇಟೆಯಾಗಿತ್ತು. ಸ್ಟೇಷನ್ನಿನಲ್ಲಿ ಇಳಿದರೆ ಒಂದು ಕಿವಿಗೆ ಕನ್ನಡ, ಇನ್ನೊಂದಕ್ಕೆ ತೆಲುಗು. ಕೆ.ಜಿ.ಎಫ್. ಕಡೆ ತಿರುಗಿದರೆ ತಮಿಳು. ನಮ್ಮ ಅಕ್ಕ ತರಕಾರಿಯವಳ ಹತ್ತಿರ ಒಂದೇ ಉಸಿರಿನಲ್ಲಿ ಮೂರೂ ಭಾಷೆಯಲ್ಲಿ ಚೌಕಾಸಿ ಮಾಡುತ್ತಾಳೆ. ಇಲ್ಲಿನ ಪಾನಿಪುರಿಯ ಹೆಸರನ್ನಂತೂ ನೀವು ಕೇಳಿರುತ್ತೀರಿ. ಹಸಿರು ನೀರಲ್ಲ, ತಿಳಿನೀರು. ನೋಡಿದರೆ ಬರೀ ನೀರು, ಬಾಯಿಗಿಟ್ಟರೆ ಕಣ್ಣಲ್ಲಿ ನೀರು! ಏನು ಹಾಕುತ್ತೀರಿ ಅಂತ ಕೇಳಿದೆ, ಗಾಡಿಯವನು ನಕ್ಕ, ಹೇಳಲಿಲ್ಲ. ಹೇಳಿದ್ದರೆ ನಿಮಗೂ ಬರೆದು ಕಳಿಸುತ್ತಿದ್ದೆ.

ಇನ್ನು ಅಕ್ಕನ ಮಗಳ ವಿಷಯ. ಎಂ.ಬಿ.ಬಿ.ಎಸ್. ಮುಗಿಸಿದಳು. ಆಮೇಲೆ ಎಲ್ಲರ ಹಾಗೆ ಪರೀಕ್ಷೆ ಬರೆದು, ಫ್ಯಾಮಿಲಿ ಮೆಡಿಸಿನ್ ಅನ್ನುವುದನ್ನು ಆರಿಸಿಕೊಂಡಳು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಮೂರು ವರ್ಷದ ತರಬೇತಿ. ಒಂದು ವರ್ಷ ಮುಗಿದು, ನಾಲ್ಕು ದಿನದ ರಜಕ್ಕೆ ಮನೆಗೆ ಬಂದಿದ್ದಳು. ನಮ್ಮಕ್ಕನಿಗೆ ಇದು ಇನ್ನೂ ಸಮಾಧಾನವಿಲ್ಲ. “ಅಷ್ಟು ಓದಿ ಮತ್ತೆ ಫ್ಯಾಮಿಲಿ ಡಾಕ್ಟರಾ? ಹೆರಿಗೆ ಡಾಕ್ಟರೋ ಮಕ್ಕಳ ಡಾಕ್ಟರೋ ಆಗಿದ್ದರೆ ಬೋರ್ಡು ಹಾಕಬಹುದಿತ್ತು. ಗಂಡಿನವರು ಕೇಳಿದರೆ ಏನಂತ ಹೇಳಲಿ?” ಅಂತಾಳೆ. ನೀವೂ ಹಾಗೇ ಅಂತಿದ್ದಿರೋ ಏನೋ. ಫ್ಯಾಮಿಲಿ ಡಾಕ್ಟರು ಅಂದರೆ ಮುಂದೆ ಓದಲಾಗದೆ ಉಳಿದವರು ಅನ್ನುವ ಮಾತು ನಮ್ಮಲ್ಲಿ ಬೇರೂರಿಬಿಟ್ಟಿದೆ.

ಅದು ಹಾಗಲ್ಲ. ದೆಹಲಿಯಲ್ಲಿ ಡಾಕ್ಟರರಿಗೆ ಪರೀಕ್ಷೆ ನಡೆಸುವ ರಾಷ್ಟ್ರೀಯ ಮಂಡಳಿ ಅಂತ ಒಂದಿದೆ, 1975ರಲ್ಲಿ ಶುರುವಾದದ್ದು. ಅದು ಕೊಡುವ ಡಿ.ಎನ್.ಬಿ. ಪದವಿಯಲ್ಲಿ ಮೂಳೆ, ಹೆರಿಗೆ ಇದ್ದ ಹಾಗೆ ಫ್ಯಾಮಿಲಿ ಮೆಡಿಸಿನ್ ಕೂಡ ಒಂದು ವಿಷಯ. ಎಂ.ಬಿ.ಬಿ.ಎಸ್. ಆದ ಮೇಲೆ ಇನ್ನೂ ಮೂರು ವರ್ಷ. ಮೆಡಿಸಿನ್, ಸರ್ಜರಿ, ಹೆರಿಗೆ, ಮಕ್ಕಳು, ಮೂಳೆ, ಕಣ್ಣು, ಕಿವಿ ಮೂಗು, ಚರ್ಮ, ಮನಸ್ಸಿನ ಕಾಯಿಲೆ, ತುರ್ತು ಚಿಕಿತ್ಸೆ, ಇಷ್ಟರಲ್ಲೂ ಸರದಿಯ ಪ್ರಕಾರ ದುಡಿಯಬೇಕು. ಮಾಡಿದ್ದನ್ನೆಲ್ಲ ಲಾಗ್ ಪುಸ್ತಕದಲ್ಲಿ ಬರೆದು ಹಿರಿಯರ ಸಹಿ ಹಾಕಿಸಬೇಕು. ಬೆಂಗಳೂರಿನ ಬ್ಯಾಪ್ಟಿಸ್ಟ್ ಆಸ್ಪತ್ರೆಯಲ್ಲಿ ಈ ತರಬೇತಿ ಇದೆ. ನೆರೆಯ ವೆಲ್ಲೂರಿನ ಸಿ.ಎಂ.ಸಿ.ಯಲ್ಲಿ ಇದಕ್ಕೇ ಒಂದು ವಿಭಾಗವಿದೆ. 2017ರ ರಾಷ್ಟ್ರೀಯ ಆರೋಗ್ಯ ನೀತಿಯಲ್ಲೂ ಇಂಥ ಡಾಕ್ಟರರು ಹೆಚ್ಚಬೇಕು ಅಂತ ಬರೆದಿದ್ದಾರೆ. ಬರೆದದ್ದಾಯಿತು, ಹುಡುಗ ಹುಡುಗಿಯರು ಓಡುವುದು ಮಾತ್ರ ಎಕ್ಸ್‌ರೇ, ಸ್ಕ್ಯಾನಿಂಗು ಓದುವ ಸೀಟಿಗೇ ಅನ್ನಿ.

ಒಂದು ವರ್ಷದಲ್ಲಿ ಏನು ಕಲಿತೆಯೇ ಅಂತ ಕೇಳಿದೆ. ಮಾಳಿಗೆ ಮೇಲೆ ಹಪ್ಪಳ ಹರವುತ್ತಾ ಹೇಳಿದಳು. ಮೊದಲ ಮೂರು ತಿಂಗಳು ಬರೀ ಹೆದರಿಕೆಯಂತೆ. ರಾತ್ರಿ ಪಾಳಿಯಲ್ಲಿ ಫೋನು ಹೊಡೆದುಕೊಂಡರೆ ಎದೆ ಹೊಡೆದುಕೊಳ್ಳುತ್ತಿತ್ತಂತೆ. ರೋಗಿ ಬಾಯಿ ತೆಗೆಯುವ ಮೊದಲೇ ಯಾವ ಟೆಸ್ಟು ಬರೆಯಲಿ ಅಂತ ಪೆನ್ನು ಹಿಡಿಯುತ್ತಿದ್ದಳಂತೆ. ಒಂದು ದಿನ ಹಿರಿಯ ಡಾಕ್ಟರು ಅವಳ ಕೈಯಿಂದ ಪೆನ್ನು ಕಿತ್ತುಕೊಂಡು, ಎರಡು ನಿಮಿಷ ಸುಮ್ಮನೆ ಕೂತು ಕೇಳು ಅಂದರಂತೆ. “ಚಿಕ್ಕಮ್ಮ, ಎರಡು ನಿಮಿಷ ಎಷ್ಟು ಉದ್ದ ಅಂತ ಅವತ್ತು ಗೊತ್ತಾಯ್ತು” ಅಂದಳು. ಈಗ ತುರ್ತು ವಿಭಾಗದಲ್ಲಿ ಎದೆನೋವು ಅಂತ ಬಂದವರಲ್ಲಿ ಯಾರನ್ನು ಓಡಿಸಿಕೊಂಡು ಹೋಗಬೇಕು, ಯಾರನ್ನು ಕೂರಿಸಿ ಮಾತಾಡಿಸಬೇಕು ಅನ್ನುವುದು ತಿಳಿಯುತ್ತದಂತೆ. ಅಷ್ಟು ತಿಳಿಯೋಕೇ ಒಂದು ವರ್ಷ ಬೇಕಾಯಿತು ಅಂತಾಳೆ.

ಮಾರನೆಯ ದಿನ ಅವಳೇ ನನ್ನನ್ನು ಕೆ.ಜಿ.ಎಫ್.ಗೆ ಕರೆದುಕೊಂಡು ಹೋದಳು. ಬಂಗಾರಪೇಟೆಯಿಂದ ಒಂದು ಪುಟ್ಟ ರೈಲುದಾರಿ ಗಣಿ ಕಡೆಗೆ ಕವಲೊಡೆಯುತ್ತದೆ. ಕೋರಮಂಡಲ್, ಊರಿಗಾಂ, ಚಾಂಪಿಯನ್, ಕೊನೆಗೆ ಮಾರಿಕುಪ್ಪಂ. ಬೆಳಗಿನ ರೈಲುಗಳಲ್ಲಿ ಈ ಊರಿನ ಸಾವಿರಾರು ಜನ ಬೆಂಗಳೂರಿಗೆ ಕೂಲಿಗೆ, ಕೆಲಸಕ್ಕೆ ಹೋಗಿ ರಾತ್ರಿ ಹಿಂದಿರುಗುತ್ತಾರೆ. ನಾವು ಹೋದದ್ದು ಎದುರು ದಿಕ್ಕಿಗೆ, ಗಾಡಿ ಖಾಲಿ ಖಾಲಿ.

ಊರು ನೋಡಿದರೆ ಬೇರೆ ಯಾವುದೋ ದೇಶಕ್ಕೆ ಬಂದ ಹಾಗಾಗುತ್ತದೆ. 1880ರ ಸುಮಾರಿಗೆ ಜಾನ್ ಟೇಲರ್ ಕಂಪನಿಯವರು ಬಂದು ಗಣಿ ಕೆಲಸ ದೊಡ್ಡದು ಮಾಡಿದರು. 1902ರಲ್ಲೇ ಶಿವನಸಮುದ್ರದಿಂದ ಇಲ್ಲಿಗೆ ಕರೆಂಟು ಬಂತು, ಆಗ ಬೆಂಗಳೂರಿನ ಬೀದಿಗಳಿಗೂ ಇರಲಿಲ್ಲ! ದೊರೆಗಳ ಬಂಗಲೆ, ಕ್ಲಬ್ಬು, ಚರ್ಚು ಒಂದು ಕಡೆ. ಕೂಲಿಯವರ ಸಾಲುಮನೆ ಇನ್ನೊಂದು ಕಡೆ. ಅವಕ್ಕೆ ಇಲ್ಲಿ ‘ಲೈನು’ ಅಂತಾರೆ. ನಡುವೆ ಬೂದು ಬಣ್ಣದ ಗುಡ್ಡಗಳು. ಗುಡ್ಡವಲ್ಲ ಅದು, ಅದಿರನ್ನು ಅರೆದು, ಸೈನೈಡ್ ಹಾಕಿ ಚಿನ್ನ ತೆಗೆದ ಮೇಲೆ ಉಳಿದ ಪುಡಿ. ನೂರು ವರ್ಷದ ಪುಡಿ. ಗಾಳಿ ಬೀಸಿದರೆ ಎದ್ದು ಮನೆಮನೆಗೂ ಬರುತ್ತದೆ. ಸಿನಿಮಾದವರಿಗೆ ಚೆಂದ, ಬಟ್ಟೆ ಒಣಹಾಕುವವರಿಗಲ್ಲ.

ಕಂಪನಿಯ ಕಾಲದಲ್ಲಿ ಇಲ್ಲಿ ದೊಡ್ಡ ಆಸ್ಪತ್ರೆಯಿತ್ತು. ಕೆಲಸಗಾರನ ಜೊತೆಗೆ ಅವನ ಹೆಂಡತಿ ಮಕ್ಕಳಿಗೂ ಅಲ್ಲೇ ಚಿಕಿತ್ಸೆ. ತಾತನ ಕೆಮ್ಮು, ಸೊಸೆಯ ಹೆರಿಗೆ, ಮೊಮ್ಮಗನ ಜ್ವರ, ಎಲ್ಲಾ ಒಂದೇ ಸೂರಿನ ಕೆಳಗೆ. ಗಣಿಯ ಜೊತೆ ಅದೂ ಹೋಯಿತು. 2021ರಲ್ಲಿ ಕೋವಿಡ್ ಜೋರಾದಾಗ ಸ್ವಯಂಸೇವಕರು ಸೇರಿ ಇಪ್ಪತ್ತು ವರ್ಷದ ಧೂಳು ಗುಡಿಸಿ, ಸುಣ್ಣ ಬಳಿದು, ರೋಗಿಗಳಿಗೆ ಮಂಚ ಹಾಕಿದ್ದರು. ರಾಬರ್ಟ್‌ಸನ್ ಪೇಟೆಯಲ್ಲಿ ಸರ್ಕಾರಿ ಆಸ್ಪತ್ರೆ ಇದೆ, ಖಾಸಗಿ ದವಾಖಾನೆಗಳಿವೆ. ಕಾಯಿಲೆ ದೊಡ್ಡದಾದರೆ ಕೋಲಾರ, ಬೆಂಗಳೂರು, ಇಲ್ಲವೆ ಕಾಟ್ಪಾಡಿ ರೈಲು ಹತ್ತಿ ವೆಲ್ಲೂರು. ಡಾಕ್ಟರರು ಇಲ್ಲ ಅಂತಲ್ಲ, ಮನೆಯವರನ್ನೆಲ್ಲ ಬಲ್ಲ ಒಬ್ಬರು ಇಲ್ಲ.

ಇದು ನನಗೆ ಕಣ್ಣಾರೆ ಕಂಡದ್ದು ಒಂದು ಲೈನ್ ಮನೆಯಲ್ಲಿ. ನಮ್ಮ ಭಾವ ಬೆಮೆಲ್ ಕಾರ್ಖಾನೆಯಲ್ಲಿದ್ದವರು. ಅವರ ಸ್ನೇಹಿತರೊಬ್ಬರ ಅಣ್ಣ, ಎಪ್ಪತ್ತು ದಾಟಿದ ತಾತ, ಗಣಿಯೊಳಗೆ ಇಪ್ಪತ್ತೈದು ವರ್ಷ ಕೊರೆಯುವ ಯಂತ್ರ ಹಿಡಿದವರು. ಹೇಗಿದ್ದಾರೆ ನೋಡಿಕೊಂಡು ಬಾ ಅಂತ ಭಾವ ಹೇಳಿದ್ದರು. ಎರಡು ಕೋಣೆ ಮನೆ, ಬಾಗಿಲಿಗೆ ಬಗ್ಗಿ ಹೋಗಬೇಕು. ತಾತ ಗೋಡೆಗೆ ಒರಗಿ ಕೂತಿದ್ದರು. ನಾಲ್ಕು ಮಾತು ಆಡಿದರೆ ಉಸಿರು ಕಟ್ಟುತ್ತದೆ.

ಇಲ್ಲಿ ಸ್ವಲ್ಪ ಹೇಳಬೇಕು. ಕೋಲಾರದ ಚಿನ್ನ ಇದ್ದದ್ದು ಬೆಣಚು ಕಲ್ಲಿನಲ್ಲಿ. ಅದನ್ನು ಕೊರೆದಾಗ ಏಳುವ ನುಣುಪಾದ ಧೂಳು ಶ್ವಾಸಕೋಶಕ್ಕೆ ಹೋಗಿ ಗಾಯದ ಕಲೆಯ ಹಾಗೆ ಗಟ್ಟಿಯಾಗುತ್ತದೆ. ಸಿಲಿಕೋಸಿಸ್ ಅಂತಾರೆ. ಇದನ್ನು ವಾಸಿಮಾಡುವ ಔಷಧಿ ಇಲ್ಲ, ಗಣಿ ಬಿಟ್ಟ ಮೇಲೂ ಬೆಳೆಯಬಹುದು. ಇಂಥವರಿಗೆ ಕ್ಷಯ ಬೇಗ ತಗಲುತ್ತದೆ. ಮೈಸೂರು ಸಂಸ್ಥಾನದಲ್ಲಿ 1940ರಲ್ಲೇ ಇದಕ್ಕೆ ಪರಿಹಾರ ಕೊಡುವ ನಿಯಮ ಬಂದಿತ್ತು. ಆ ದಶಕದಲ್ಲಿ ಇಲ್ಲಿನ ಏಳು ಸಾವಿರಕ್ಕೂ ಮೇಲ್ಪಟ್ಟ ಕಾರ್ಮಿಕರನ್ನು ಪರೀಕ್ಷೆ ಮಾಡಿದಾಗ ನೂರಕ್ಕೆ ನಲವತ್ತಕ್ಕೂ ಹೆಚ್ಚು ಜನರಿಗೆ ಈ ಕಾಯಿಲೆ ಕಂಡಿತ್ತು. ನಮ್ಮ ಕೊರಳಿನ ಸರ ನೋಡಿಕೊಂಡಾಗ ಇದು ನೆನಪಿಗೆ ಬಂದರೆ ತಪ್ಪೇನಿಲ್ಲ.

ಹುಡುಗಿ ಏನು ಮಾಡಿದಳು ಗೊತ್ತೆ? ಮೊದಲು ಚಾಪೆ ಮೇಲೆ ಕೂತಳು. ಮನೆಯಲ್ಲಿರುವ ಮಾತ್ರೆಯೆಲ್ಲ ತನ್ನಿ ಅಂದಳು. ಸೊಸೆ ಒಂದು ಬಿಸ್ಕತ್ತಿನ ಡಬ್ಬಿ ತಂದು ಸುರಿದಳು. ನಾಲ್ಕು ಡಾಕ್ಟರರು, ನಾಲ್ಕು ಚೀಟಿ. ಇಸ್ಪೀಟು ಎಲೆ ಜೋಡಿಸಿದ ಹಾಗೆ ಹಾಳೆಗಳನ್ನು ಸಾಲಾಗಿ ಇಟ್ಟು ನೋಡಿದರೆ, ಮಂಡಿನೋವಿಗೆ ಅಂತ ಒಂದೇ ಜಾತಿಯ ನೋವಿನ ಮಾತ್ರೆ ಎರಡು ಹೆಸರಿನಲ್ಲಿದೆ! ತಾತ ಎರಡನ್ನೂ ನುಂಗುತ್ತಿದ್ದಾರೆ. ಇಂಥ ಮಾತ್ರೆ ಹೆಚ್ಚಾದರೆ ಬಿ.ಪಿ. ಏರುತ್ತದೆ, ಮೂತ್ರಪಿಂಡಕ್ಕೂ ಕೇಡು. ಒಬ್ಬ ಡಾಕ್ಟರು ಬರೆದದ್ದು ಇನ್ನೊಬ್ಬರಿಗೆ ಗೊತ್ತಿಲ್ಲ, ಅಷ್ಟೆ. ಬಿ.ಪಿ. ನೋಡಿದಳು, ಎದೆಗೆ ಕೊಳವೆ ಇಟ್ಟು ಕೇಳಿದಳು, ಕೆಮ್ಮು ಎಷ್ಟು ದಿನದಿಂದ ಅಂತ ವಿಚಾರಿಸಿದಳು. ಒಂದು ತಿಂಗಳಿಂದ ಹೆಚ್ಚಾಗಿದೆ ಅಂದರು. ‘ನಾನಿನ್ನೂ ಕಲಿಯುವವಳು, ನಿಮ್ಮ ಡಾಕ್ಟರಿಗೇ ಕಾಗದ ಬರೆದುಕೊಡ್ತೀನಿ’ ಅಂತ ಹೇಳಿ, ಅಷ್ಟೂ ಮಾತ್ರೆಯ ಪಟ್ಟಿ, ಕಫದ ಪರೀಕ್ಷೆ, ಮೂತ್ರಪಿಂಡದ ರಕ್ತಪರೀಕ್ಷೆ ಆಗಬೇಕು ಅನ್ನುವುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಳು. ಕಾಗದ ತೋರಿಸುವವರೆಗೆ ಎರಡು ನೋವಿನ ಮಾತ್ರೆ ಒಟ್ಟಿಗೆ ಬೇಡ ಅಂದಳು. ಕಫದ ಪರೀಕ್ಷೆ ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡಿಲ್ಲದೆ ಆಗುತ್ತದೆ. ಎರಡು ವಾರ ಮೀರಿದ ಕೆಮ್ಮು ಯಾರಿಗೇ ಇರಲಿ, ಮಾಡಿಸಿ.

ನಾನು ಮುಗಿಯಿತು ಅಂತ ಎದ್ದೆ. ಅವಳು ಏಳಲಿಲ್ಲ. ಸೊಸೆಯ ಕಡೆ ತಿರುಗಿ ತಮಿಳಿನಲ್ಲಿ, “ಅಕ್ಕಾ, ನೀವು ಹೇಗಿದೀರಿ?” ಅಂತ ಕೇಳಿದಳು. ಆ ಹೆಂಗಸು ಮೊದಲು ನಕ್ಕಳು, ಆಮೇಲೆ ಸೆರಗು ಬಾಯಿಗಿಟ್ಟುಕೊಂಡು ಅತ್ತುಬಿಟ್ಟಳು. ಗಂಡ ಬೆಳಗಿನ ರೈಲಿಗೆ ಹೋಗಬೇಕು, ಮೂರು ಗಂಟೆಗೆ ಎದ್ದು ಬುತ್ತಿ ಕಟ್ಟಬೇಕು. ರಾತ್ರಿ ಮಾವನ ಕೆಮ್ಮಿಗೆ ನಿದ್ದೆಯಿಲ್ಲ. ಮೆಟ್ಟಿಲು ಹತ್ತಿದರೆ ತಲೆ ಸುತ್ತು, ತಿಂಗಳ ಮುಟ್ಟು ಹತ್ತು ದಿನ ನಿಲ್ಲುವುದಿಲ್ಲ. ಎರಡು ವರ್ಷದಿಂದ ಯಾರಿಗೂ ಹೇಳಿಲ್ಲ. ಮಾವನನ್ನು ನಾಲ್ಕು ಡಾಕ್ಟರರ ಹತ್ತಿರ ಕರೆದುಕೊಂಡು ಹೋದವಳು ಇವಳೇ, ಇವಳ ಕಣ್ಣಿನ ರೆಪ್ಪೆ ಎಳೆದು ನೋಡಿದವರು ಒಬ್ಬರೂ ಇಲ್ಲ. ನಮ್ಮ ಹುಡುಗಿ ನೋಡಿದಳು. ಸುಣ್ಣದ ಹಾಗೆ ಬಿಳುಪು. ಇನ್ನೊಂದು ಕಾಗದ ಬರೆದಳು.

ಹಿಂದಿರುಗುವಾಗ ರೈಲಿನಲ್ಲಿ, “ನೋಡಿ ಚಿಕ್ಕಮ್ಮ, ಇದೇ ನನ್ನ ಸಬ್ಜೆಕ್ಟು” ಅಂದಳು. ಈ ಸೀಮೆಯಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡಿನಿಂದ ಹಲ್ಲು ಕಂದಿದ ಮಕ್ಕಳು, ಕೀಲು ಹಿಡಿದ ಅಜ್ಜಿಯರು, ಧೂಳು ಕುಡಿದ ತಾತಂದಿರು ಒಂದೇ ಮನೆಯಲ್ಲಿ ಸಿಗುತ್ತಾರೆ, ಮೂವರಿಗೆ ಮೂರು ಕಡೆ ಓಡಲು ದುಡ್ಡಿರುವುದಿಲ್ಲ ಅಂತಲೂ ಹೇಳಿದಳು. ತರಬೇತಿ ಮುಗಿದ ಮೇಲೆ ಇಲ್ಲಿಗೇ ಬರುತ್ತೀಯಾ ಅಂದೆ. ಕಿಟಕಿಯ ಹೊರಗೆ ನೋಡಿದಳು. ಬೆಂಗಳೂರಿನಲ್ಲಿ ಸಂಬಳ ಎಷ್ಟು ಸಿಗುತ್ತದೆ ಅಂತ ಅವಳಿಗೂ ಗೊತ್ತು, ಅವರಪ್ಪ ಓದಿಗೆ ಮಾಡಿದ ಸಾಲ ಎಷ್ಟಿದೆ ಅಂತಲೂ ಗೊತ್ತು. “ಇನ್ನೂ ಎರಡು ವರ್ಷ ಇದೆಯಲ್ಲ” ಅಂದಳು.

ನೀವು ಹೋಗುವುದಾದರೆ ಬೆಳಗ್ಗೆಯೇ ಹೊರಡಿ. ಹತ್ತಿರದಲ್ಲೇ ಕಮ್ಮಸಂದ್ರದ ಕೋಟಿಲಿಂಗೇಶ್ವರವಿದೆ, 108 ಅಡಿಯ ಲಿಂಗ ನೋಡಬಹುದು. ಬಿಸಿಲಿಗೆ ಛತ್ರಿ, ಕುಡಿಯಲು ನೀರು ಇರಲಿ. ಮತ್ತೆ, ಊರಿಗೆ ಹೋಗದಿದ್ದರೂ ಇವತ್ತೇ ಮಾಡಬಹುದಾದ ಕೆಲಸ ಒಂದಿದೆ. ಮನೆಯ ಹಿರಿಯರು ನುಂಗುವ ಮಾತ್ರೆಗಳ ಹೆಸರನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ, ಯಾವ ಡಾಕ್ಟರ ಹತ್ತಿರ ಹೋದರೂ ಅದನ್ನೇ ಮೊದಲು ಮುಂದಿಡಿ. ಕೊನೆಯ ಪುಟದಲ್ಲಿ ನಿಮ್ಮ ಹೆಸರೂ ಬರೆದು, ನಿಮಗೆ ಏನೇನು ತೊಂದರೆ ಇದೆ ಅಂತ ಗುರುತು ಹಾಕಿಕೊಳ್ಳಿ.

ಲೈನಿನ ತಾತನ ಕಫದಲ್ಲಿ ಕ್ಷಯ ಇಲ್ಲವಂತೆ, ಅಕ್ಕ ಫೋನು ಮಾಡಿದ್ದಳು. ಸೊಸೆಗೆ ಕಬ್ಬಿಣದ ಮಾತ್ರೆ ಶುರುಮಾಡಿ, ಸ್ಕ್ಯಾನಿಂಗಿಗೆ ಬರೆದಿದ್ದಾರಂತೆ. ಹುಡುಗಿಗೆ ಮುಂದಿನ ತಿಂಗಳಿನಿಂದ ಹೆರಿಗೆ ವಾರ್ಡು. ಅದನ್ನು ಹೇಳುವಾಗ ಮಾತ್ರ ಅಕ್ಕನ ದನಿಯಲ್ಲಿ ಸ್ವಲ್ಪ ಖುಷಿ ಇತ್ತು.